ಜವರಮ್ಮ ಕಟ್ಟಿಕೊಂಡ ನೋವುಪಟ್ಟಿ

"ಹಸು ಮೇಲಲ್ಲ ಜಬೀ, ಬೆಲ್ಟು ಆ ಯಮ್ಮನ ಮೈಮೇಲಿತ್ತು. ನಿಂಗೆ ಎಂಬತ್ತಾರು ಅಂತ ಬಂತಲ್ಲ, ಅದು ಜವರಮ್ಮನ ನಂಬರು."

ಫೋನಿನ ಆ ಕಡೆ ಇದ್ದದ್ದು ಜಬೀವುಲ್ಲಾ. ಅವನು ಪಶುವೈದ್ಯ ಕಾಲೇಜಿನ ಕಂಟ್ರೋಲ್ ರೂಮಿನಲ್ಲಿ ಕೂತು ದನಗಳ ಆಂಬುಲೆನ್ಸ್ ಕಳಿಸುವವನು. ಅವನು ಕೇಳಿದ.

"ಮತ್ತೆ ಹಸು ಎಲ್ಲಿತ್ತು?"

"ಪಕ್ಕದಲ್ಲೇ ಮಲಗಿತ್ತು."

"ಅಂದ್ರೆ ಇರೋ ಮೂರು ವ್ಯಾನಲ್ಲಿ ಒಂದನ್ನ ನಾನು ಇಪ್ಪತ್ತೆಂಟು ಕಿಲೋಮೀಟರ್ ಓಡ್ಸಿದ್ದು ಒಬ್ಬ ಹೆಂಗಸಿಗೆ."

"ಹಸುಗೇ ಕಣೋ. ಅದಕ್ಕೆ ನಿಜವಾಗ್ಲೂ ಗರ್ಭಕೋಶ ತಿರುಚ್ಕೊಂಡಿದೆ. ಮೇಡಂ ಕೈ ಈಗ ಭುಜದ ತನಕ ಒಳಗಿದೆ. ಇಡ್ತೀನಿ."

"ಏ ಚಿನ್ಮಯಿ, ಕಂಪ್ಯೂಟರಿಗೆ ಏನಂತ ಹಾಕ್ಲಿ? ರೋಗಿ ಹಸು ಅಂತಲೋ, ಜವರಮ್ಮ ಅಂತಲೋ?"

ನಾನು ಫೋನ್ ಇಟ್ಟೆ. ಅವನು ಏನು ಹಾಕಿದನೋ, ಮಧ್ಯಾಹ್ನದೊಳಗೆ ಅದು ಡೀನ್ ಸಾಹೇಬರ ಮೇಜಿಗೆ ಹೋಗಿತ್ತು.

ನೋವುಪಟ್ಟಿ ಇಲ್ಲದ ಊರಿನವರಿಗಾಗಿ ಎರಡು ಮಾತು. ಅದು ಮೂರು ಬೆರಳಗಲದ ಬೆಲ್ಟು. ಹಸುವಿನ ಮುಂಗಾಲಿನ ಹಿಂದೆ, ಎದೆಯ ಸುತ್ತ ಕಟ್ಟುತ್ತಾರೆ. ಅದರೊಳಗೆ ನಾಣ್ಯದಷ್ಟು ದೊಡ್ಡ ಬಿಲ್ಲೆಯೊಂದಿದೆ. ಎದೆಬಡಿತಗಳ ನಡುವಿನ ಅಂತರ, ಉಸಿರು, ಚರ್ಮದ ತೇವ, ಸ್ನಾಯುಗಳ ಕಣ್ಣಿಗೆ ಕಾಣದ ನಡುಕ, ಇಷ್ಟನ್ನೂ ಆ ಬಿಲ್ಲೆ ಒಟ್ಟಿಗೆ ಓದಿ ಸೊನ್ನೆಯಿಂದ ನೂರರವರೆಗಿನ ಒಂದು ಅಂಕಿ ಕೊಡುತ್ತದೆ. ದನ ಬಾಯಿಬಿಟ್ಟು ಹೇಳದ ನೋವಿಗೆ ಅದು ಅಳತೆ. ಎಪ್ಪತ್ತು ದಾಟಿದರೆ ವ್ಯಾನು. ಐವತ್ತರಿಂದ ಎಪ್ಪತ್ತರೊಳಗಾದರೆ ಫೋನಿನಲ್ಲಿ ಸಲಹೆ. ಅದಕ್ಕೂ ಕೆಳಗಾದರೆ 'ಕಾಯಿರಿ' ಎಂಬ ಉತ್ತರ. ನಾಲ್ಕು ತಾಲ್ಲೂಕಿಗೆ ಮೂರೇ ವ್ಯಾನು ಇರುವುದರಿಂದ ಯಾರನ್ನಾದರೂ ಕಾಯಿಸಲೇಬೇಕು.

ಇದನ್ನು ಕಂಡುಹಿಡಿದವರು ನಮ್ಮ ಮೇಡಂ, ಡಾ. ನೀಲಾಂಬಿಕಾ ಹೊಸಮನಿ. ಪಶುವೈದ್ಯ ಕಾಲೇಜಿನಲ್ಲಿ ದೊಡ್ಡ ಪ್ರಾಣಿಗಳ ತುರ್ತು ಚಿಕಿತ್ಸೆ ಕಲಿಸುತ್ತಾರೆ. ಊರು ಬಾಗಲಕೋಟೆ ಕಡೆ. ಓದುವಾಗ ಅವರಿಗೆ ನಾಯಿ ಬೆಕ್ಕು ನೋಡಿಕೊಂಡಿರು, ದನದ ಕೆಲಸ ಗಂಡಸರದು ಎಂದಿದ್ದರಂತೆ. ಆಮೇಲೆ ಕರು ಅಡ್ಡ ಸಿಕ್ಕಿದಾಗಲೆಲ್ಲ ಆ ಗಂಡಸರೇ ಇವರ ಸಣ್ಣ ಕೈ ಹುಡುಕಿಕೊಂಡು ಬಂದರು. ಹತ್ತೊಂಬತ್ತು ವರ್ಷದ ಕೆಲಸದ ನಂತರ ಈಗ ತುರ್ತು ಚಿಕಿತ್ಸೆಗೆಂದೇ ಹೊಸ ವಿಭಾಗವೊಂದು ಶುರುವಾಗುವುದರಲ್ಲಿತ್ತು. ಅದರ ಮುಖ್ಯಸ್ಥರ ಹುದ್ದೆಗೆ ಸಂದರ್ಶನ ಮರುದಿನ ಹನ್ನೊಂದು ಗಂಟೆಗೆ, ಎರಡು ಗಂಟೆ ದಾರಿಯಾಚೆಯ ವಿಶ್ವವಿದ್ಯಾಲಯದ ಕಚೇರಿಯಲ್ಲಿ. ಅರ್ಜಿ ಹಾಕಿದ್ದವರು ಇಬ್ಬರೇ. ಮೇಡಂ ಹತ್ತಿರ ನೋವುಪಟ್ಟಿ ಇತ್ತು, ಇನ್ನೊಬ್ಬರ ಹತ್ತಿರ ಇರಲಿಲ್ಲ. ಹಾಗಾಗಿ ಕ್ಯಾಂಟೀನಿನವನೂ ಸಿಹಿ ಯಾವಾಗ ಎಂದು ಕೇಳಲು ಶುರುಮಾಡಿದ್ದ.

ನಾನು ಕೊನೆಯ ವರ್ಷದ ಇಂಟರ್ನಿ. ಆ ಬೆಳಿಗ್ಗೆ ಮೇಡಂ ಜೊತೆ ವ್ಯಾನಿನಲ್ಲಿ ಹೋದವಳು.

ಕೊಟ್ಟಿಗೆಗೆ ಕಾಲಿಟ್ಟಾಗ ಜವರಮ್ಮ ರವಿಕೆಯ ಮೇಲೆ ಬೆಲ್ಟು ಬಿಗಿದುಕೊಂಡು, ಹಸುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಚ್ಚಿಡುವ ಪ್ರಯತ್ನವನ್ನೇನೂ ಮಾಡಲಿಲ್ಲ.

"ಮೂರ್ ಸಲ ಒತ್ತಿದೆ ಕಣವ್ವ," ಎಂದರು. "ಮೂರ್ ಸಲಾನೂ ಮೂವತ್ತೊಂದು. ಮೂವತ್ತೊಂದಕ್ಕೆ ನಿಮ್ ಹುಡ್ಗ ಕಾಯಿರಿ ಅಂದ. ಅವ್ನಿಗೇನು, ಕುರ್ಚಿ ಮೇಲೆ ಕುಂತವ್ನೆ, ಕಾಯ್ತಾನೆ. ನಮ್ ಚಂದ್ರಿಗಿದು ನಾಕ್ನೇ ಸೂಲು. ಕಣ್ ನೋಡುದ್ರೆ ಗೊತ್ತಾಗಕಿಲ್ವ ನಂಗೆ? ಬುಚ್ಚಿ ನಾನೇ ಕಟ್ಕಂಡೆ."

"ನಿಮಗೆಷ್ಟು ತೋರಿಸ್ತು?" ಎಂದು ಮೇಡಂ ಕೈಗವಸು ಏರಿಸುತ್ತ ಕೇಳಿದರು.

"ಎಂಬತ್ತಾರು. ತಕ್ಷಣ ಗಾಡಿ ಹೊಂಟದೆ ಅಂದ್ರು. ನಂಗೇನೂ ನೋವಿರ್ನಿಲ್ಲ ಮೇಡಮ್ಮೋರೆ. ವಸಿ ಭಯ ಇತ್ತು."

ಇದರಲ್ಲಿ ಪವಾಡವೇನಿಲ್ಲ. ಮನುಷ್ಯರ ಎದೆ ಹಸುವಿನದಕ್ಕಿಂತ ತುಸು ಬೇಗ ಬಡಿಯುತ್ತದೆ. ಬೆಲ್ಟಿನ ಲೆಕ್ಕದಲ್ಲಿ ಆರಾಮಾಗಿರುವ ಮನುಷ್ಯನೆಂದರೆ ಅರ್ಧ ನೋವಲ್ಲಿರುವ ಹಸು. ಗಾಬರಿಯಾದ ಮನುಷ್ಯನೆಂದರೆ ಸಾಯಲು ಬಿದ್ದ ಹಸು. ಜಬೀವುಲ್ಲಾ ಆಮೇಲೆ ತನಗೂ ಕಟ್ಟಿಕೊಂಡು ನೋಡಿದ. ಸುಮ್ಮನೆ ಕೂತಾಗ ಐವತ್ತೆಂಟು, ಮನೆಯಿಂದ ಫೋನ್ ಬಂದಾಗ ಎಪ್ಪತ್ತಮೂರು.

ಮೇಡಂ ಒಳಗೆ ತಡಕಾಡಿ ಕೈ ತಡೆದರು. "ಒಳಗಿನ ಮಡಿಕಿ ಎಲ್ಲಾ ಹಗ್ಗ ಹೊಸೆದಂಗ ಬಲಕ್ಕ ಸುತ್ಕೊಂಡಾವ. ಚಿನ್ಮಯಿ, ಬಲಕ್ಕ ತಿರುವಿದ್ರ ಹಸೂನ ಯಾವ ಕಡೆ ಉಳ್ಳಿಸಬೇಕು?"

"ಎಡಕ್ಕೆ ಮೇಡಂ."

"ಪರೀಕ್ಷಾದಾಗ ಹಂಗ ಬರದು ಪಾಸಾದಿ?"

"ಬಲಕ್ಕೆ ಮೇಡಂ."

ಬಲಕ್ಕೇ. ಹೊಟ್ಟೆಯೊಳಗಿನ ಕರುವನ್ನು ಹೊರಗಿನಿಂದ ಹಲಗೆಯೊತ್ತಿ ಇದ್ದಲ್ಲೇ ಹಿಡಿದಿಟ್ಟರೆ, ಹಸುವಿನ ಮೈ ಸುತ್ತಿಬಂದು ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಡ್ರೈವರೂ ಪಕ್ಕದ ಮನೆಯ ಇಬ್ಬರೂ ಕಾಲಿಗೆ ಹಗ್ಗ ಹಾಕಿದರು. ಹೊಟ್ಟೆಯ ಮೇಲೆ ಉದ್ದನೆಯ ಹಲಗೆ ಇಟ್ಟು ಅದರ ಮೇಲೆ ನನ್ನನ್ನು ನಿಲ್ಲಿಸಿದರು. ಐದು ವರ್ಷ ಓದಿ ಹಲಗೆಯ ಮೇಲಿನ ಭಾರವಾಗುವುದು ನಮ್ಮ ಕೋರ್ಸಿನ ಒಂದು ಭಾಗ.

ಅದಕ್ಕೆ ಮೊದಲು ಬೆಲ್ಟನ್ನು ಜವರಮ್ಮನಿಂದ ಬಿಚ್ಚಿ ಹಸುವಿಗೆ ಕಟ್ಟಿದ್ದೆವು. ಅಂಕಿ ನನ್ನ ಫೋನಿನಲ್ಲಿ ಕಾಣುತ್ತಿತ್ತು. ಮೂವತ್ತಮೂರು. ಮೊದಲ ಸಲ ಉರುಳಿಸಿದಾಗ ಗಂಟು ಬಿಚ್ಚಲಿಲ್ಲ. ಮೇಡಂ ಬಿಸಿನೀರು ಕೇಳಿದರು, ಜವರಮ್ಮ ಒಳಗೆ ಹೋದರು. ಹಗ್ಗ ಸರಿಮಾಡುವಷ್ಟರಲ್ಲಿ ಫೋನು ನೋಡಿದರೆ ಎಪ್ಪತ್ತೊಂಬತ್ತು. ಹಸು ಇದ್ದ ಹಾಗೇ ಇತ್ತು. ಜವರಮ್ಮ ನೀರಿಟ್ಟು ಬಂದು ಚಂದ್ರಿಯ ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ಕೆರೆಯುತ್ತ ಕೂತರು. ಐವತ್ತೆರಡು, ನಲವತ್ತೊಂದು, ಮೂವತ್ತನಾಲ್ಕು.

ಬೆಲ್ಟು ಸಡಿಲವಾಗಿದೆಯೆಂದು ಬಿಗಿಮಾಡಿದೆ. ಅವರು ಸೋಪು ತರಲು ಹೋದರು. ಎಪ್ಪತ್ತೇಳು.

"ಮೇಡಂ, ಬೆಲ್ಟು ಕೆಟ್ಟಿದೆ ಅನ್ಸುತ್ತೆ."

ಮೇಡಂ ನನ್ನ ಫೋನು ನೋಡಿದರು. ಜವರಮ್ಮ ಬಂದು ಕೂತ ಮೇಲೆ ಇನ್ನೊಮ್ಮೆ ನೋಡಿದರು.

"ಯಮ್ಮಾ, ನೀವು ಒಂದು ಚೂರು ಎದ್ದು ಆ ಬಾಗಿಲ ಕಡೆ ಹೋಗಿ ನಿಲ್ರಿ."

ಜವರಮ್ಮ ಎದ್ದು ಹೋದರು. ಅಂಕಿ ಏರಿತು.

"ಈಗ ಬರ್ರಿ."

ಇಳಿಯಿತು.

"ಇನ್ನೊಂದು ಸಲ ಹೋಗ್ರಿ."

"ಇದ್ಯಾವ ಆಟ ಮೇಡಮ್ಮೋರೆ," ಎಂದರು ಜವರಮ್ಮ. "ಮೊದ್ಲು ಕರ ಈಚೆಗ್ ತೆಗೀರಿ. ಆಮ್ಯಾಕೆ ಎಷ್ಟ್ ಸಲ ಬೇಕಾದ್ರೂ ನಡೀತೀನಿ."

ಎರಡನೇ ಸಲ ಉರುಳಿಸಿದಾಗ ಗಂಟು ಬಿಚ್ಚಿತು. ಇಪ್ಪತ್ತು ನಿಮಿಷಕ್ಕೆ ಕರು ಹೊರಬಂತು. ಮೂಗಿಗೆ ಹುಲ್ಲುಕಡ್ಡಿ ಹಾಕಿದಾಗ ಒಮ್ಮೆ ಸೀನಿ ಉಸಿರಾಡಲು ಶುರುಮಾಡಿತು. ಹೆಣ್ಣು ಕರು. ಇನ್ನು ಎರಡು ಗಂಟೆ ಕಾದಿದ್ದರೆ ಎರಡೂ ಇರುತ್ತಿರಲಿಲ್ಲ ಎಂದು ಮೇಡಂ ಕೈ ತೊಳೆಯುತ್ತ ಹೇಳಿದರು. ಜವರಮ್ಮ ನನಗೊಂದು ಲೋಟ ಟೀ ಕೊಟ್ಟು, ಹಲಗೆಯ ಮೇಲೆ ನೀನು ಚೆನ್ನಾಗಿ ನಿಂತುಕೊಂಡೆ ಎಂದರು.

ಕಾಲೇಜು ತಲುಪಿದಾಗ ಮಧ್ಯಾಹ್ನ ಒಂದಾಗಿತ್ತು. ಅವರು ಊಟಕ್ಕೆ ಹೋಗದೆ ನೇರ ಕಂಟ್ರೋಲ್ ರೂಮಿಗೆ ಬಂದರು.

"ಜಬೀವುಲ್ಲಾ, ನಾವು ಕಾಯಿರಿ ಅಂದು ಕಾಯಿಸಿದ್ವಲ್ಲ, ಅದರಾಗ ಎಷ್ಟು ದನ ಸತ್ತಾವ?"

"ಒಂದು ವರ್ಷದ್ದು ತೆಗೀಲಾ ಮೇಡಂ?"

"ಶುರು ಆದಾಗಿಂದ ತಗಿ."

ಹದಿನೇಳು. ಸಾವಿರಗಟ್ಟಲೆ ಕರೆಗಳಲ್ಲಿ ಹದಿನೇಳೆಂದರೆ ಯಾರೂ ತಲೆ ಕೆಡಿಸಿಕೊಳ್ಳದ ಸಂಖ್ಯೆ. ವಾರ್ಷಿಕ ವರದಿಯಲ್ಲಿ ಅದನ್ನು ದನದವರು ತಡವಾಗಿ ಕರೆ ಮಾಡಿದ್ದು ಎಂದು ಸೇರಿಸಿದ್ದರು. ಮೇಡಂ ಇನ್ನೊಂದು ವಿಷಯ ಕೇಳಿದರು. ಬೆಲ್ಟು ಮನೆಯವರ ಫೋನಿಗೆ ಜೋಡಿಸಿರುತ್ತದೆ, ಆ ಫೋನು ಎಷ್ಟು ದೂರವಿದೆ ಎಂಬುದೂ ಅದರಲ್ಲಿ ದಾಖಲಾಗುತ್ತದೆ. ಅದು ಬ್ಯಾಟರಿ ಉಳಿಸಲೆಂದು ಇಟ್ಟ ವ್ಯವಸ್ಥೆ, ಯಾರೂ ಅದನ್ನು ಓದುತ್ತಿರಲಿಲ್ಲ. ಜಬೀವುಲ್ಲಾ ಒಂದೊಂದೇ ತೆರೆದು ಓದಿದ. ಹದಿನೇಳರಲ್ಲಿ ಹದಿನಾಲ್ಕು ಕಡೆ, ಅಂಕಿ ತೆಗೆದಷ್ಟು ಹೊತ್ತೂ ಫೋನು ಹಸುವಿನಿಂದ ಒಂದು ಕೈಯಳತೆಯೊಳಗಿತ್ತು.

"ಕಾಲೇಜಿನಾಗ ಮೊದಲ ಅಳತಿ ಕೂಡಿಸಿದಾಗ ದನದ ಬಾಜೂಕ ಯಾರಿದ್ರು?" ಎಂದರು ಮೇಡಂ.

ಅದು ಎಲ್ಲರಿಗೂ ಗೊತ್ತಿತ್ತು. ಇನ್ನೂರ ಹನ್ನೆರಡು ದನಗಳನ್ನು ಒಂದೊಂದಾಗಿ ಟ್ರಾವಿಸ್ ಎನ್ನುವ ಕಬ್ಬಿಣದ ಪೈಪಿನ ಕಟ್ಟಿನೊಳಗೆ ನಿಲ್ಲಿಸಿ, ಎಲ್ಲರೂ ಹೊರಗೆ ಹೋಗಿ, ಬಾಗಿಲು ಹಾಕಿ ಅಳೆದಿದ್ದರು. ಮನುಷ್ಯರ ಪ್ರಭಾವ ಬೀಳಬಾರದೆಂದು. ಮೇಡಂ ಬೆಲ್ಟಿನ ಬಗ್ಗೆ ಬರೆದ ಪ್ರಬಂಧ ಓದಿದವರು ಆ ಒಂದು ಮಾತನ್ನು ವಿಶೇಷವಾಗಿ ಹೊಗಳಿದ್ದರು.

ನಾನು ಕೇಳಿದೆ. "ಮೇಡಂ, ಜವರಮ್ಮ ಮುಟ್ಟಿದ್ರೆ ಹಸುಗೆ ನಿಜವಾಗ್ಲೂ ನೋವು ಕಮ್ಮಿ ಆಗುತ್ತಾ, ಇಲ್ಲ ಬೆಲ್ಟಿಗಷ್ಟೇ ಹಾಗನ್ಸುತ್ತಾ?"

"ನೋವು ಕಮ್ಮಿ ಆಗಿರಬಹುದು," ಎಂದರು. "ರೋಗ ಕಮ್ಮಿ ಆಗಿರಂಗಿಲ್ಲ."

ಜಬೀವುಲ್ಲಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. "ಅಂದ್ರೆ ಹಸು ಬಿಟ್ಟು ಟೀವಿ ನೋಡ್ಕೊಂಡು ಕೂತೋರ್ ಮನೆಗೆ ವ್ಯಾನ್ ಹೋಗಿದೆ. ತಲೆ ತೊಡೆ ಮೇಲಿಟ್ಕೊಂಡು ಕೂತೋರಿಗೆ ನಾನು ಕಾಯಿರಿ ಅಂದಿದ್ದೀನಿ."

ಅವನು ಹದಿನೇಳು ಹೆಸರುಗಳ ಪಟ್ಟಿಯನ್ನು ಮುದ್ರಿಸಿ ಮೇಡಂ ಕೈಗೆ ಕೊಟ್ಟ. ಆಮೇಲೆ ಮೇಜಿನ ಖಾನೆಯಿಂದ ಇನ್ನೊಂದು ಕಾಗದ ತೆಗೆದ, ಡೀನ್ ಕಚೇರಿಯಿಂದ ಬಂದ ದೂರು. ಬೆಲ್ಟನ್ನು ಮನುಷ್ಯರಿಗೆ ಕಟ್ಟಿ ಸೇವೆ ಪಡೆಯುವುದು ವಂಚನೆ. ಜವರಮ್ಮನ ಬೆಲ್ಟು ವಾಪಸು ಪಡೆದು, ಆ ಮನೆಯನ್ನು ಒಂದು ವರ್ಷ ಯೋಜನೆಯಿಂದ ಹೊರಗಿಡಬೇಕು. ಯೋಜನೆಯ ಮುಖ್ಯಸ್ಥೆಯಾಗಿ ಡಾ. ಹೊಸಮನಿಯವರು ಕೆಳಗೆ ಸಹಿ ಮಾಡಬೇಕು.

"ನಾನ್ ಹಾಕಿದ್ದು ಬರೀ 'ಬೆಲ್ಟು ಅದಲುಬದಲು' ಅಂತ ಮೇಡಂ," ಎಂದ. "ಅಷ್ಟಕ್ಕೇ ಇಷ್ಟುದ್ದ ಕಾಗದ ಬಂತು."

ಮೇಡಂ ಎರಡು ಕಾಗದವನ್ನೂ ಮಡಚಿ ಒಂದೇ ಕವರಿಗೆ ಹಾಕಿಕೊಂಡು ಹೋದರು.

ಸಂಜೆ ಏಳರ ಹೊತ್ತಿಗೆ ಉಳಿದ ದಾಖಲೆಗಳ ಕಟ್ಟು ಹಿಡಿದು ನಾನು ಅವರ ಕ್ವಾರ್ಟರ್ಸಿಗೆ ಹೋದೆ. ಮೇಡಂ ಒಬ್ಬರೇ ಇರುತ್ತಾರೆ. ಮಂಚದ ಮೇಲೆ ಸಂದರ್ಶನಕ್ಕೆಂದು ಇಸ್ತ್ರಿ ಮಾಡಿದ ಇಳಕಲ್ ಸೀರೆ ಇತ್ತು. ಊಟದ ಮೇಜಿನ ಮೇಲೆ ರೊಟ್ಟಿ, ಶೇಂಗಾ ಚಟ್ನಿ, ಸಂದರ್ಶನದ ಪತ್ರ, ಸಹಿಯಾಗದ ದೂರು. ಮೇಡಂ ಕನ್ನಡಕ ಹಾಕಿಕೊಂಡು ನೋವುಪಟ್ಟಿಯ ಕೈಪಿಡಿ ಓದುತ್ತಿದ್ದರು. ಅವರೇ ಬರೆದದ್ದು.

"ಕುಂದ್ರು. ರೊಟ್ಟಿ ತಿನ್ನು," ಎಂದರು. "ಇದರಾಗ ಎಷ್ಟು ಸೂಚನಾ ಅದಾವ ಎಣಿಸು."

"ಹನ್ನೊಂದು ಮೇಡಂ."

"ನಾನು ಬರದಿದ್ದು ಹನ್ನೆರಡು. ಒಂಬತ್ತನೇದು ಏನಿತ್ತು ಅಂದ್ರ, 'ಅಂಕಿ ತೆಗೆಯುವಾಗ ಹಸುವನ್ನು ಐದು ನಿಮಿಷ ಒಂಟಿಯಾಗಿ ಬಿಡಿ.' ಅಚ್ಚಿಗೆ ಕೊಡೂಮುಂದ ನಾನ ಹೊಡದು ಹಾಕಿದೆ."

"ಯಾಕೆ ಮೇಡಂ?"

"ನಮ್ಮವ್ವ ಎಮ್ಮಿ ಕಟ್ಟಿದ್ಲು. ಅದಕ್ಕ ಹೊಟ್ಟಿ ಉಬ್ಬಿದ್ರ ಅಕಿ ಅದರ ಬಾಜೂನ ಕುಂದ್ರುವಾಕಿ. ಊಟಕ್ಕೂ ಏಳ್ತಿದ್ದಿಲ್ಲ. ನೋವಿನಾಗ ಇದ್ದ ದನ ಬಿಟ್ಟು ದೂರ ಹೋಗ್ರಿ ಅಂತ ಪುಸ್ತಕದಾಗ ಬರದ್ರ ಯಾರು ಕೇಳ್ತಾರ? ಕೇಳದ ಮಾತು ಯಾಕ ಬರೀಬೇಕು ಅಂತ ತಗದೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರು ಕೇಳಂಗಿಲ್ಲ ಅಂತ ನನಗ ಗೊತ್ತಿತ್ತು. ಹಂಗಾದ್ರ ಅವರು ಬಾಜೂಕ ಕುಂತಾಗ ಅಂಕಿ ಎಷ್ಟು ಬರ್ತದ ಅಂತ ಒಂದು ಸಲ ಅಳೀಬೇಕಿತ್ತಲ್ಲ. ಅದು ಹೊಳೀಲಿಲ್ಲ."

ರೊಟ್ಟಿ ಗಟ್ಟಿಯಾಗಿತ್ತು. ಅದು ಮುರಿಯುವ ಶಬ್ದ ಇಡೀ ಮನೆಗೆ ಕೇಳಿಸುತ್ತಿತ್ತು. ಹಾಗಾಗಿ ಬಾಯಲ್ಲೇ ನೆನೆಯಲು ಬಿಟ್ಟೆ.

ಮೇಡಂ ಕುರ್ಚಿಯ ಮೇಲಿದ್ದ ಒಂದು ಬೆಲ್ಟನ್ನು ತೆಗೆದು ಉಟ್ಟ ಸೀರೆಯ ಮೇಲೆಯೇ ಕಟ್ಟಿಕೊಂಡರು. ಫೋನು ನನ್ನ ಕಡೆ ತಳ್ಳಿದರು.

"ಎಷ್ಟೈತಿ?"

"ಅರವತ್ತೊಂದು ಮೇಡಂ."

"ಗಾಡಿ ಬರಂಗಿಲ್ಲ. ಫೋನಿನಾಗ ಸಲಹಾ ಕೊಡ್ತಾರ."

ಸಲಹೆ ಕೊಡುವ ಫೋನು ಆಗಲೇ ಬಂತು. ಡೀನ್ ಸಾಹೇಬರು. ಮೇಡಂ ಆಗಷ್ಟೇ ರೊಟ್ಟಿ ಮುರಿದು ಕೈಗೆ ಚಟ್ನಿ ಮೆತ್ತಿಕೊಂಡಿದ್ದರಿಂದ ಸ್ಪೀಕರಿಗೆ ಹಾಕಿದರು. ನಾನು ಏಳಲು ಹೋದೆ, ಕೂರು ಎಂದು ಸನ್ನೆ ಮಾಡಿದರು.

"ಹೊಸಮನಿ ಮೇಡಂ, ಆ ಕಾಗದಕ್ಕೆ ಸಹಿ ಆಯ್ತಾ?"

"ಇಲ್ಲ ಸರ್. ನಿಮಗ ಮಧ್ಯಾಹ್ನ ಕಳಿಸಿದ ಆ ಹದಿನೇಳು ದನದ ಲೆಕ್ಕ ಓದಿದ್ರಿ?"

"ಓದ್ದೆ, ಓದ್ದೆ. ಒಳ್ಳೇ ವಿಷಯ ಅದು. ಇನ್ನೊಂದು ಪ್ರಬಂಧ ಆಗುತ್ತೆ ನಿಮಗೆ. ಆದ್ರೆ ನಾಳೆ ಅದನ್ನ ಎತ್ಬೇಡಿ. ಮುಂದಿನ ತಿಂಗಳು ಹನ್ನೆರಡು ಜಿಲ್ಲೆಗೆ ಬೆಲ್ಟು ಹೋಗ್ತಿದೆ. ಈಗ ಹೋಗಿ ಅಳತೆ ತಪ್ಪು ಅಂದ್ರೆ ಆ ಕಮಿಟಿ ಏನ್ ಮಾಡುತ್ತೆ ಹೇಳಿ? ನಿಮ್ಮನ್ನ ಬಿಟ್ಟು ಆ ಇನ್ನೊಬ್ಬರನ್ನ ಕೂರಿಸುತ್ತೆ. ಮೊದ್ಲು ವಿಭಾಗ ನಿಮ್ಮ ಕೈಗೆ ಬರ್ಲಿ. ಕುರ್ಚಿ ಮೇಲೆ ಕೂತ್ಕೊಂಡು ನಿಧಾನಕ್ಕೆ ಸರಿ ಮಾಡಿ."

"ನಿಧಾನಕ್ಕ ಅಂದ್ರ ಎಷ್ಟು ದಿನ ಸರ್?"

"ಒಂದ್ ಆರು ತಿಂಗಳು. ಹೋಗೋ ದನ ಹೋಗುತ್ತೆ, ಇಷ್ಟು ವರ್ಷ ಹೋಗಿಲ್ವೆ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವಿಭಾಗ ಸಿಕ್ಕಿದರೆ ವ್ಯಾನು ಮೂರರಿಂದ ಒಂಬತ್ತಾಗುತ್ತಿತ್ತು. ನನ್ನಂಥವರಿಗೆ ಕೆಲಸ ಸಿಗುತ್ತಿತ್ತು. ಮೇಡಂ ಕನಿಷ್ಠ ಮೂರು ಸಲ ಬೇಡಿಕೆ ಬರೆದರೂ ತಿರಸ್ಕೃತವಾದ ಶಸ್ತ್ರಚಿಕಿತ್ಸೆಯ ಕೊಠಡಿ ಕಟ್ಟಬಹುದಿತ್ತು. ಇನ್ನೊಂದು ಕಡೆಗೆ ಹನ್ನೆರಡು ಜಿಲ್ಲೆ, ಆರು ತಿಂಗಳು. ನಾನು ಗಣಿತದಲ್ಲಿ ಹಿಂದೆ, ಆದರೂ ತಕ್ಕಡಿಯಲ್ಲಿ ಕೆಳಗಿಳಿದ ತಟ್ಟೆ ಯಾವುದೆಂದು ತಿಳಿಯುತ್ತಿತ್ತು.

"ಆಯ್ತು ಸರ್," ಎಂದು ಮೇಡಂ ಫೋನು ಇಟ್ಟರು. ಯಾವುದಕ್ಕೆ ಆಯ್ತು ಎಂದರೆಂದು ನನಗಾಗಲಿ ಡೀನ್ ಸಾಹೇಬರಿಗಾಗಲಿ ಗೊತ್ತಾಗಲಿಲ್ಲ.

ಕೈ ತೊಳೆದು ಬಂದು ಜಬೀವುಲ್ಲಾಗೆ ಫೋನ್ ಮಾಡಿದರು. "ಇವತ್ತಿನಿಂದ ಅಂಕಿ ನೋಡಬ್ಯಾಡ. ಮನಿಯವರನ್ನ ಕೇಳು, ನಿಮ್ಮ ಹಸು ದಿನಾ ಇದ್ದಂಗ ಐತೇನು ಅಂತ. ಇಲ್ಲ ಅಂದ್ರ ಗಾಡಿ ಕಳಿಸು."

"ಮೇಡಂ, ಎಲ್ರೂ ಇಲ್ಲ ಅಂತಾರೆ. ಇರೋದು ಮೂರು ವ್ಯಾನು."

"ಮೂರೂ ಹೋದ ಮ್ಯಾಲೆ ನನಗ ಹೇಳು. ನನ್ನ ಸ್ಕೂಟರ್ ಐತಿ."

"ಡೀನ್ ಸರ್ ಕೇಳಿದ್ರೆ?"

"ನಾನು ಹೇಳೀನಿ ಅಂತ ಬರಕೋ. ಹೆಸರು ಪೂರಾ ಬರಿ."

ಆಮೇಲೆ ದೂರಿನ ಕಾಗದ ಮಗುಚಿ, ಅದರ ಖಾಲಿ ಬೆನ್ನಿನ ಮೇಲೆ ನಾಲ್ಕು ಸಾಲು ಬರೆದರು. ನೋವುಪಟ್ಟಿಯ ಅಳತೆ ಒಂಟಿ ಹಸುವಿಗೆ ಮಾತ್ರ ಸರಿ. ಮನೆಯವರು ಪಕ್ಕದಲ್ಲಿದ್ದಾಗ ಅದು ಸುಮಾರು ನಲವತ್ತೈದು ಕಡಿಮೆ ತೋರಿಸುತ್ತದೆ. ತಪ್ಪು ನನ್ನದು, ಜವರಮ್ಮನವರದಲ್ಲ. ಹೊಸ ಅಳತೆ ಆಗುವವರೆಗೆ ಬೆಲ್ಟು ಬೇರೆ ಜಿಲ್ಲೆಗಳಿಗೆ ಹೋಗಬಾರದು. ಕೆಳಗೆ ಸಹಿ ಮಾಡಿದರು. ಅದರ ಫೋಟೋ ತೆಗೆದು ಡೀನ್ ಸಾಹೇಬರಿಗೂ ಸಂದರ್ಶನದ ಕಮಿಟಿಗೂ ಕಳಿಸಲು ನನಗೆ ಹೇಳಿದರು. ಕಳಿಸುವ ಮೊದಲು ನಾನು ಅವರ ಮುಖ ನೋಡಿದೆ. ಅವರು ರೊಟ್ಟಿಯ ಡಬ್ಬಿ ಮುಚ್ಚುತ್ತಿದ್ದರು. ಕಳಿಸಿದೆ.

"ಹೊಸಾ ಅಳತಿ ಮನ್ಯಾಗ ಮಾಡಬೇಕು," ಎಂದರು. "ಕೊಟ್ಟಿಗ್ಯಾಗ, ಮನಿಯವರು ಕುಂತಾಗ. ಚಂದ್ರಿಗೆ ಒಳಗ ಇನ್ನೂ ಬಾವು ಇರ್ತದ. ನಾಡಿದ್ದಿಗೆ ಇಳೀತದ. ಅದರೊಳಗ ಅಳೀಬೇಕು. ಆ ಯಮ್ಮನ ನಂಬರ್ ಹಚ್ಚು."

ನನ್ನ ಫೋನಿನಿಂದ ಮಾಡಿ ಸ್ಪೀಕರಿಗೆ ಹಾಕಿದೆ. ಜವರಮ್ಮ ಎರಡನೇ ಸಲಕ್ಕೆ ತೆಗೆದರು. ಹಿಂದೆ ಕರು ಕೂಗುತ್ತಿತ್ತು.

"ಯಾರು? ಹಲಗೆ ಮೇಲ್ ನಿಂತಿದ್ದ ಮಗೂನಾ?"

"ಹೌದು ಜವರಮ್ಮ. ಮೇಡಂ ಮಾತಾಡ್ತಾರೆ."

"ಬೆಲ್ಟ್ ವಾಪಸ್ ಕೊಡಿ ಅಂತ ಮಧ್ಯಾನ ಯಾರೋ ಫೋನ್ ಮಾಡಿದ್ರು," ಎಂದರು ಜವರಮ್ಮ. "ಕೊಡಕಿಲ್ಲ ಅಂತ ಯೋಳಲ್ಲ ನಾನು. ಬೇಕಾದ್ರೆ ತಕ್ಕೊಂಡೋಗಿ. ಅದ್ರಿಂದ ಹಸು ನೋಡೋರ್ನ ಕಳ್ಸಾದ್ ನಿಲ್ಲಿಸ್ಬೇಡಿ ಅಷ್ಟೆ."

"ಬೆಲ್ಟು ನಿಮ್ಮ ಹಂತೇಕನ ಇರಲಿ," ಎಂದರು ಮೇಡಂ. "ಯಾರೂ ಒಯ್ಯಂಗಿಲ್ಲ. ನಾಳೆ ನಾನು ಬರಬೇಕಂತ ಮಾಡೀನಿ. ನಿಮ್ಮಿಂದ ಕಲಿಯೂದೈತಿ. ಎಷ್ಟೊತ್ತಿಗೆ ಇರ್ತೀರಿ ಮನ್ಯಾಗ?"

"ನನ್ನಿಂದ ಏನ್ ಕಲೀತೀರಿ ಮೇಡಮ್ಮೋರೆ, ನಾನ್ ಎಬ್ಬೆಟ್ಟು." ಆ ಕಡೆ ಯಾರಿಗೋ ಏನೋ ಹೇಳಿ ಮತ್ತೆ ಬಂದರು. "ಬೆಳಗ್ಗೆ ಡೈರಿಗೆ ಹಾಲಾಕ್ಬೇಕು. ಆಮ್ಯಾಕೆ ಸೊಸೇನ ಆಸ್ಪತ್ರೆಗೆ ಕರ್ಕಂಡೋಯ್ತೀನಿ. ಮದ್ಯಾನದ್ ಮೇಲೆ ಗದ್ದೇಲಿ ಆಳವ್ರೆ. ಹನ್ನೊಂದಕ್ಕೆ ಬಂದ್ಬುಡಿ. ಹನ್ನೊಂದಕ್ಕಾದ್ರೆ ದಿಟವಾಗಿ ಇರ್ತೀನಿ."

ಸಂದರ್ಶನದ ಪತ್ರ ನನ್ನ ತಟ್ಟೆಯ ಪಕ್ಕದಲ್ಲೇ ಇತ್ತು. ಸಮಯವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ್ದರು. ಮೇಡಂ ಅದನ್ನು ನೋಡಿದರು, ಮಂಚದ ಮೇಲಿನ ಸೀರೆ ನೋಡಿದರು. ಬೆಲ್ಟು ಇನ್ನೂ ಅವರ ಮೈಮೇಲೇ ಇತ್ತು. ನನ್ನ ಮುಂದಿದ್ದ ಫೋನಿನಲ್ಲಿ ಅಂಕಿ ಎಪ್ಪತ್ತನಾಲ್ಕಕ್ಕೆ ಏರಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಅರವತ್ತಮೂರಕ್ಕೆ ಇಳಿಯಿತು.

"ಆಗಲಿ," ಎಂದರು. "ಹನ್ನೊಂದಕ್ಕ."

"ಆ ಬೆಲ್ಟ್ ನಾನ್ ಕಟ್ಕಂಡಿರ್ಬೇಕಾ, ಹಸುಗ್ ಕಟ್ಟಿರ್ಬೇಕಾ?"

"ಹಸುಗ ಕಟ್ರಿ," ಎಂದರು ಮೇಡಂ. "ನೀವು ಅದರ ಬಾಜೂಕ ಕುಂದರ್ರಿ. ನಾನು ಬರೂ ತನಕ ಏಳಬ್ಯಾಡ್ರಿ."